ಉದ್ದಂಡರಾಯ ಅಜ್ಜಿಗುಡ್ಡ ನೋಡಿ ಬಂದದ್ದು

ಒಂದಾನೊಂದು ಕಾಲದಲ್ಲಿ ಘಟ್ಟದ ಮೇಲೆ ಒಂದು ಊರಿತ್ತಂತೆ. ಊರಿಗೊಂದು ಕೋಟೆ, ಕೋಟೆಗೊಬ್ಬ ಅರಸ. ಅರಸ ಅಂದ ಕೂಡಲೇ ಆನೆ, ಅಂಬಾರಿ, ಲಕ್ಷ ದಂಡು ಅಂತೆಲ್ಲ ಕಣ್ಣರಳಿಸಬೇಡಿ. ಬೆಳಿಗ್ಗೆ ಗಂಜಿ ಕುಡಿದು ಹೊರಟವನು ಮಧ್ಯಾಹ್ನದ ಊಟಕ್ಕೆ ಕೂರುವ ಹೊತ್ತಿಗೆ ಇವನ ರಾಜ್ಯ ಮುಗಿದು ಪಕ್ಕದವನ ರಾಜ್ಯ ಶುರುವಾಗಿರುತ್ತಿತ್ತಂತೆ. ಹೆಸರು ಮಾತ್ರ ರಾಜ್ಯಕ್ಕಿಂತ ಉದ್ದ: ರಾಜಾಧಿರಾಜ ರಾಜಮಾರ್ತಾಂಡ ಗಂಡರಗಂಡ ಉದ್ದಂಡರಾಯ. ಅಷ್ಟನ್ನೂ ಹೇಳುತ್ತಾ ಕೂತರೆ ಹೊತ್ತಾಗುತ್ತೆ. ನಮಗೆ ಉದ್ದಂಡರಾಯ ಸಾಕು.

ಈ ಉದ್ದಂಡರಾಯನಿಗೆ ಒಂದು ಚಾಳಿ. ಯಾರು ಏನು ತಂದು ತೋರಿಸಲಿ, ಗಲ್ಲ ಮೇಲೆತ್ತಿ, ಅರೆಗಣ್ಣಲ್ಲಿ ನೋಡಿ, "ಇಷ್ಟೇನಾ?" ಅನ್ನುತ್ತಿದ್ದ. ರೈತ ಹೊಸ ಬೆಳೆಯ ಮೊದಲ ತೆನೆ ತಂದು ಪಾದದ ಹತ್ತಿರ ಇಟ್ಟರೆ, "ಇಷ್ಟೇನಾ?" ನೇಕಾರ ಮಳೆಗಾಲವೆಲ್ಲ ಕೂತು ನೇಯ್ದ ಜರತಾರಿ ಬಿಚ್ಚಿ ಹಾಸಿದರೆ, "ಇಷ್ಟೇನಾ?" ಹುಣ್ಣಿಮೆ ಚಂದ್ರ ಕೋಟೆಯ ಮೇಲೆ ಬಂದರೆ ಕಿಟಕಿಯಿಂದ ಇಣುಕಿ ನೋಡಿ, "ಇಷ್ಟೇನಾ?" ಹಾಗನ್ನುವುದೇ ದೊಡ್ಡಸ್ತಿಕೆ ಅಂತ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಬೆರಗಾಗುವುದು ಬಡವರ ಕೆಲಸ ಅಂತ ತಿಳಿದಿದ್ದ.

ಅವನ ಎಡಗಡೆಗೆ ಯಾವಾಗಲೂ ಮಂತ್ರಿ ಸೂರಪ್ಪಯ್ಯ. ಅರಸ "ಇಷ್ಟೇನಾ" ಅಂದ ಕೂಡಲೇ ಇವನು "ಇಷ್ಟೇ ಬುದ್ಧಿ, ಇಷ್ಟೇ" ಅನ್ನಬೇಕು. ಮಂತ್ರಿಗಿರಿ ಅಂದರೆ ಆ ಊರಲ್ಲಿ ಅದೇ.

ಇಂಥವನಿಗೆ ಕೆಳಗಿನ ಕಡಲೂರಿನಿಂದ ಹೆಣ್ಣು ತಂದಿದ್ದರು. ಅವಳ ಹೆಸರು ಮುತ್ತಕ್ಕ. ಕೋಡಿಬಂದರಿನ ಒಡೆಯರ ಮನೆಯ ಮಗಳು. ಅಪ್ಪ ಅಮ್ಮ ತೀರಿಕೊಂಡಿದ್ದರು, ಅಣ್ಣ ಜಟ್ಟಪ್ಪನೇ ಬಂದರು ನೋಡಿಕೊಂಡು, ದೋಣಿ ನಡೆಸಿಕೊಂಡು, ತಂಗಿಯನ್ನು ಅಂಗೈಯಲ್ಲಿ ಇಟ್ಟು ಸಾಕಿದ್ದ. ಅರಸರ ಮನೆ ಅಂತ ನಂಬಿ ಕೊಟ್ಟ. ಮುತ್ತಕ್ಕ ಘಟ್ಟ ಹತ್ತಿ ಹೋದಳು.

ಹೋದ ದಿನದಿಂದ ಅವಳಿಗೂ ಅದೇ ಮಾತು. ಕಾಯಿಹಾಲು ಹಿಂಡಿ ತವರಿನ ಅಡುಗೆ ಮಾಡಿ ಬಡಿಸಿದಳು. ತುತ್ತು ಬಾಯಿಗಿಟ್ಟು ಅರಸ, "ಇಷ್ಟೇನಾ?" ಅಂದ. ಹಬ್ಬಕ್ಕೆ ಪಟ್ಟೆಸೀರೆ ಉಟ್ಟು, ತಲೆತುಂಬ ಕೇದಗೆ ಮುಡಿದು ಎದುರಿಗೆ ನಿಂತಳು. ಮೇಲಿಂದ ಕೆಳಗೆ ನೋಡಿದವನೇ, "ಇಷ್ಟೇನಾ?" ಅಂದ. ಮೊದಮೊದಲು ಅವಳು ಒಳಗೆ ಹೋಗಿ ಅಳುತ್ತಿದ್ದಳು. ಆಮೇಲೆ ಅಳು ನಿಂತಿತು, ಅನುಮಾನ ಶುರುವಾಯಿತು. ನನ್ನಲ್ಲೇ ಏನೋ ಕಮ್ಮಿ ಇದೆಯೋ ಏನೋ, ಅಂತ ಕನ್ನಡಿ ಮುಂದೆ ನಿಂತು ಹುಡುಕುತ್ತಿದ್ದಳಂತೆ. ಹುಡುಕಿದರೆ ಸಿಗದೇ ಇರುತ್ತದೆಯೇ? ದಿನಕ್ಕೊಂದು ಸಿಗುತ್ತಿತ್ತು.

ಆದರೂ ಅವಳ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಉಳಿದಿತ್ತು. ತವರಿನ ಕಡಲಲ್ಲಿ ಅಜ್ಜಿಗುಡ್ಡ ಅಂತ ಒಂದು ದ್ವೀಪ ಇತ್ತು. ಬೆಳಿಗ್ಗೆ ಹೋದರೆ ಸಂಜೆಗೆ ಬರಬಹುದು. ಅದನ್ನು ನೋಡಿದವರು ಬಾಯಿ ತೆರೆದುಕೊಂಡು ನಿಲ್ಲದೇ ಇದ್ದದ್ದನ್ನು ಅವಳು ಕಂಡೇ ಇರಲಿಲ್ಲ. 'ಇವರು ಒಂದೇ ಒಂದು ಸಲ ಅಲ್ಲಿಗೆ ಬರಲಿ. ಅದನ್ನು ನೋಡಿಯಾದರೂ ಇವರ ಕಣ್ಣು ತೆರೆಯಲಿ. ಒಂದು ಸಲ ತೆರೆದ ಕಣ್ಣು ಆಮೇಲೆ ನನ್ನನ್ನೂ ನೋಡೀತು' ಅಂತ ಅವಳ ಲೆಕ್ಕ. ಪಾಪದ ಹೆಣ್ಣು.

ಹೀಗಿರುವಾಗ ಅಣ್ಣ ಜಟ್ಟಪ್ಪ ಘಟ್ಟ ಹತ್ತಿ ಬಂದ. "ಭಾವ, ತಂಗಿ ತವರಿನ ಮೆಟ್ಟಿಲು ತುಳಿದು ಎಷ್ಟು ಕಾಲವಾಯಿತು! ನೀವಿಬ್ಬರೂ ಬನ್ನಿ. ಅಜ್ಜಿಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇನೆ" ಅಂತ ಕೈಮುಗಿದ.

ಅರಸ ಬರುತ್ತಿರಲಿಲ್ಲ. ಆದರೆ ಪಕ್ಕದ ರಾಜ್ಯದ ಅರಸ ಕಡಲು ನೋಡಿ ಬಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವನು ಕಂಡದ್ದನ್ನು ತಾನು ಕಾಣದೆ ಇದ್ದರೆ ಹೇಗೆ? "ಆಗಲಿ, ಬರ್ತೀನಿ. ಕಾಲು ಧೂಳು ಮಾಡಿಕೊಳ್ಳೋದೇ ಆಗುತ್ತೆ" ಅಂದ.

"ಧೂಳೇ ಬುದ್ಧಿ" ಅಂದ ಸೂರಪ್ಪಯ್ಯ.

ಘಟ್ಟ ಇಳಿದರು. ಕೋಡಿಬಂದರಿನಲ್ಲಿ ಒಂದು ರಾತ್ರಿ ತಂಗಿದರು. ಬೆಳಕು ಹರಿಯುವ ಹೊತ್ತಿಗೆ ಜಟ್ಟಪ್ಪ ತನ್ನ ದೊಡ್ಡ ದೋಣಿಗೆ ಹೊಸ ಹಾಯಿ ಕಟ್ಟಿಸಿ, ಕೂರಲು ಮೆತ್ತೆ ಹಾಸಿಸಿ, ಅಡುಗೆ ಸಾಮಾನು ತುಂಬಿಸಿಕೊಂಡು ಕಾಯುತ್ತಿದ್ದ. ಮುತ್ತಕ್ಕ ದೋಣಿ ಹತ್ತಿದಳು. ಕಾಲಿಗೆ ನೀರು ತಾಗಿತು. ಮೈಯೆಲ್ಲ ಜುಮ್ಮೆಂದಿತಂತೆ. ಎಷ್ಟೋ ಕಾಲ ಕಟ್ಟಿಹಾಕಿದ್ದ ಕರುವನ್ನು ಬಿಟ್ಟರೆ ಹೇಗಾಗುತ್ತೋ ಹಾಗೆ.

ನಡುನೀರಿಗೆ ಬಂದಾಗ ದೋಣಿಯ ಎರಡೂ ಕಡೆ ಹಂದಿಮೀನಿನ ಹಿಂಡು ಬಂತು. ಕಪ್ಪು ಬೆನ್ನು, ನಗುವ ಮೋರೆ, ಕರುವಿನಷ್ಟು ಗಾತ್ರ. ದೋಣಿಯ ಜೊತೆಗೆ ಪಂದ್ಯ ಕಟ್ಟಿದ ಹಾಗೆ ಓಡುತ್ತವೆ, ಒಂದರ ಹಿಂದೆ ಒಂದು ನೀರಿಂದ ಚಿಮ್ಮುತ್ತವೆ, ಬಿಸಿಲಲ್ಲಿ ಮಿಂಚಿ ಮತ್ತೆ ಮುಳುಗುತ್ತವೆ.

"ನೋಡಿ ಸ್ವಾಮಿ, ನೋಡಿ!" ಅಂತ ಮುತ್ತಕ್ಕ ಗಂಡನ ತೋಳು ಹಿಡಿದಳು.

ಅರಸ ತೋಳು ಬಿಡಿಸಿಕೊಂಡ. "ಮೀನು ನೀರಲ್ಲದೆ ಮರದ ಮೇಲಿರುತ್ತಾ? ಇಷ್ಟೇನಾ?"

"ಇಷ್ಟೇ ಬುದ್ಧಿ" ಅಂದ ಸೂರಪ್ಪಯ್ಯ. ಅಂದವನೇ, ಅರಸ ಆ ಕಡೆ ತಿರುಗಿದ ಕೂಡಲೇ ಕತ್ತು ಉದ್ದ ಮಾಡಿ ಇನ್ನೊಂದು ಸಲ ನೋಡಿದ. ಜಟ್ಟಪ್ಪ ಚುಕ್ಕಾಣಿ ಬಿಗಿಯಾಗಿ ಹಿಡಿದುಕೊಂಡ. ಅಣ್ಣನ ಮುಖ ನೋಡಲಾರದೆ ಮುತ್ತಕ್ಕ ನೀರು ನೋಡುತ್ತಾ ಕೂತಳು.

ಬಿಸಿಲು ಏರುವಷ್ಟರಲ್ಲಿ ಅಜ್ಜಿಗುಡ್ಡ ಬಂತು. ಅದೇನು ದ್ವೀಪ ಅಂತೀರಿ! ದಡದುದ್ದಕ್ಕೂ ಕಪ್ಪು ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಯಾವ ಕಲ್ಲುಕುಟಿಗನೂ ಕಡೆದದ್ದಲ್ಲ, ಆದರೆ ಎಲ್ಲ ಕಡೆದ ಹಾಗೇ ಮೂಲೆ ಮೂಲೆಯಾಗಿವೆ. ಅದರ ಬುಡಕ್ಕೆ ತೆರೆ ಬಂದು ಬಡಿದು ಹಾಲಿನ ನೊರೆಯಾಗಿ ಹಿಂದೆ ಹೋಗುತ್ತೆ. ಕಲ್ಲು ದಾಟಿದರೆ ಬೆಳ್ಳನೆ ಮರಳು. ಮರಳಿನ ಆಚೆ ಸುರಹೊನ್ನೆ ಮರಗಳ ತೋಪು, ಅದರ ನೆರಳಲ್ಲಿ ಕಾಲಿಟ್ಟರೆ ಹೂವಿನ ಹಾಸಿಗೆ. ನೆತ್ತಿಯ ಮೇಲೆ ಸಾವಿರ ಹಕ್ಕಿ.

ಆ ಮರಳಿನ ಮೇಲೆ ಒಬ್ಬ ಮುದುಕಿ ಕುಕ್ಕರಗಾಲಲ್ಲಿ ಕೂತು ಚಿಪ್ಪು ಒಡೆಯುತ್ತಿದ್ದಳು. ಅವಳೇ ಗುಡ್ಡದಜ್ಜಿ. ಅವಳು ಎಂದು ಬಂದಳು, ಎಷ್ಟು ವಯಸ್ಸು, ಯಾರಿಗೂ ಗೊತ್ತಿಲ್ಲ. ಮನುಷ್ಯಳೋ ಇನ್ನೇನೋ, ಅದೂ ಗೊತ್ತಿಲ್ಲ. ಕಡಲವರ ಪದ್ಧತಿ ಏನಪ್ಪಾ ಅಂದರೆ, ದಡಕ್ಕೆ ಕಾಲಿಡುವ ಮೊದಲು ಅವಳನ್ನು ಒಂದು ಮಾತು ಕೇಳಬೇಕು. ಅಷ್ಟೇ. ಹೂವು ಬೇಡ, ಹಣ್ಣು ಬೇಡ.

ಮುತ್ತಕ್ಕ ಮಂಡಿಯುದ್ದ ನೀರಲ್ಲೇ ನಿಂತು, "ಅಜ್ಜೀ, ಬರಲಾ?" ಅಂದಳು.

"ಬಾ ಮಗಳೇ. ಎಷ್ಟು ಸೊರಗಿದ್ದೀಯ!" ಅಂದಳು ಅಜ್ಜಿ.

ಜಟ್ಟಪ್ಪ ಕೇಳಿದ, ಅಂಬಿಗರು ಕೇಳಿದರು. ಅರಸ ಮಾತ್ರ ಇಬ್ಬರು ಅಂಬಿಗರ ಹೆಗಲ ಮೇಲೆ ಕೂತು, ಪಾದ ಒದ್ದೆಯಾಗದ ಹಾಗೆ ಮರಳಿಗೆ ಇಳಿದ. "ಈ ಚಿಪ್ಪು ಒಡೆಯೋ ಮುದುಕಿಯನ್ನ ಕೇಳಿ ನಾನು ಹೆಜ್ಜೆ ಇಡಬೇಕಾ? ಏನೇ ಮುದುಕಿ, ನಿನ್ನ ದ್ವೀಪ ಅಂದರೆ ಇಷ್ಟೇನಾ?"

"ನೀನು ಇನ್ನೂ ನೋಡೇ ಇಲ್ಲವಲ್ಲ ಮಗಾ."

"ನೋಡೋದೇನಿದೆ? ಕಲ್ಲು, ಮರಳು, ಹಕ್ಕಿ. ನಮ್ಮೂರಲ್ಲಿ ಇಲ್ಲದ್ದೇನಿದೆ?"

ಅಜ್ಜಿಗೆ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ. "ಆಯ್ತಪ್ಪ. ಯಾವುದು ನಿನಗೆ ಇಷ್ಟೇ ಅನ್ನಿಸುತ್ತೋ ಅದರ ಭಾರ ನಿನ್ನ ಕಣ್ಣಿಗೆ ಯಾಕೆ? ಬೇಡ ಬಿಡು" ಅಂದು ಮತ್ತೆ ಚಿಪ್ಪು ಒಡೆಯತೊಡಗಿದಳು. ಅರಸ ಅದನ್ನು ಕೇಳಿಸಿಕೊಳ್ಳಲೂ ಇಲ್ಲ.

ದ್ವೀಪ ನೋಡಲು ಹೊರಟರು. ಗುಡ್ಡದ ತುದಿಯ ಒಣಮರದಲ್ಲಿ ಕಡಲಹದ್ದಿನ ಗೂಡು. ಬಿಳಿಯ ಹೊಟ್ಟೆ, ಬೂದು ರೆಕ್ಕೆ. ಗಂಡುಹಕ್ಕಿ ಮೇಲಿಂದ ಕಲ್ಲು ಬಿದ್ದ ಹಾಗೆ ಕೆಳಗೆ ಬಂದು, ಕಡಲಹಾವೊಂದನ್ನು ಎತ್ತಿಕೊಂಡು ಹೋಗಿ ಮರಿಗೆ ತಿನ್ನಿಸಿತು. ಅಂಬಿಗರೇ ಉಸಿರು ಹಿಡಿದು ನಿಂತರು.

"ನಮ್ಮ ಕೋಟೆಯ ಗಿಡುಗ ಇದಕ್ಕೆ ಅಪ್ಪ. ಇಷ್ಟೇನಾ?" ಅಂದ ಅರಸ.

ಅಂದ ಕ್ಷಣವೇ ಹದ್ದು ಅವನ ರುಮಾಲಿನ ತುದಿ ಅಲ್ಲಾಡುವಷ್ಟು ಕೆಳಗೆ ಹಾರಿ ಹೋಯಿತು. ಸೂರಪ್ಪಯ್ಯ ತಲೆ ಮುಚ್ಚಿಕೊಂಡು ಕೂತೇಬಿಟ್ಟ. ಅರಸ ತಲೆ ಎತ್ತಲೂ ಇಲ್ಲ. "ಗಾಳಿ ಜಾಸ್ತಿ ಇಲ್ಲಿ" ಅಂದ.

ಮುತ್ತಕ್ಕನಿಗೆ ಏನೋ ವಿಚಿತ್ರ ಅನ್ನಿಸಿತು. ಮುಂದೆ ಹೋದರೆ ಸಿಹಿನೀರಿನ ಹೊಂಡ, ಅದರ ದಂಡೆಯಲ್ಲಿ ನೀರುನಾಯಿಯ ಸಂಸಾರ. ತಾಯಿ ಅಂಗಾತ ತೇಲುತ್ತಾ ಏಡಿ ಸಿಪ್ಪೆ ತೆಗೆದು ತಿನ್ನುತ್ತಿದೆ, ಮರಿಗಳು ಒಂದರ ಬಾಲ ಒಂದು ಹಿಡಿದು ಉರುಳುತ್ತಿವೆ. ಜಟ್ಟಪ್ಪನ ಮೀಸೆಯೊಳಗೂ ನಗು ಬಂತು.

ಅರಸ ಒಂದು ಕ್ಷಣ ನೋಡಿದ. "ಇಲಿ ದಪ್ಪ ಆದರೆ ಹೀಗೇ ಇರುತ್ತೆ. ಇಷ್ಟೇನಾ?"

ಅಂದನೋ ಇಲ್ಲವೋ, ಮರಿಯೊಂದು ಓಡಿಬಂದು ಅವನ ಪಾದದ ಮೇಲೇ ಕೂತು ಹೆಬ್ಬೆರಳು ಮೂಸಿತು. ಅರಸ ಪಾದದ ಕಡೆ ನೋಡಿದ, ಅಲ್ಲಿ ಬರೀ ನೆಲವಿದ್ದ ಹಾಗೆ ನೋಡಿದ. ಕಾಲು ಕೆರೆದುಕೊಂಡು, "ಇಲ್ಲಿ ಸೊಳ್ಳೆ ಇದೆ" ಅಂದ.

"ದೊಡ್ಡ ಸೊಳ್ಳೆ ಬುದ್ಧಿ" ಅಂದ ಸೂರಪ್ಪಯ್ಯ, ಮರಿಯನ್ನೇ ನೋಡುತ್ತಾ.

ಆಗ ಮುತ್ತಕ್ಕನಿಗೆ ತಿಳಿಯಿತು. ಇವರು ಯಾವುದನ್ನು ಇಷ್ಟೇನಾ ಅಂತಾರೋ ಅದು ಇವರ ಕಣ್ಣಿಂದ ಮಾಯವಾಗುತ್ತಿದೆ. ಅಜ್ಜಿಯ ಮಾತು! ನಿಜ ಹೇಳಬೇಕೆಂದರೆ, ಹೆದರಿಕೆಗಿಂತ ಮೊದಲು ಅವಳಿಗೆ ನಗು ಬಂತಂತೆ. ಸೆರಗು ಬಾಯಿಗೆ ಒತ್ತಿಕೊಂಡಳು.

ಮಧ್ಯಾಹ್ನ ಸುರಹೊನ್ನೆ ನೆರಳಲ್ಲಿ ಎಲೆ ಹಾಕಿದರು. ಹಬೆಯಾಡುವ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಹುರಿದ ಕಾಣೆ ಮೀನು, ಬಳಚು ಚಿಪ್ಪಿನ ಪಲ್ಯ, ಕಾಯಿಹಾಲಿನ ಪಾಯಸ. ಜಟ್ಟಪ್ಪ ತಾನೇ ನಿಂತು ಮಾಡಿಸಿದ್ದು. ಅರಸ ಎಲೆ ನೋಡಿದ.

ಮುತ್ತಕ್ಕ ಮೆಲ್ಲನೆ, "ಸ್ವಾಮಿ, ಏನೂ ಅನ್ನಬೇಡಿ, ಸುಮ್ಮನೆ ಉಣ್ಣಿ" ಅಂದಳು.

"ನನಗೆ ಹೇಳಿಕೊಡ್ತೀಯ? ಅರಸರಿಗೆ ಹಾಕೋ ಎಲೆ ಇದು? ಇಷ್ಟೇನಾ?"

ಎಲೆ ಖಾಲಿ. ಅವನ ಕಣ್ಣಿಗೆ ಖಾಲಿ, ಮೂಗಿಗೂ ಖಾಲಿ. ಅರಸನ ಮುಖ ಕೆಂಪಾಯಿತು. "ಏನಿದು? ಬರೀ ಎಲೆ ಹಾಕಿ ಕೂರಿಸಿದ್ದೀರಾ? ನೆಂಟನನ್ನ ಕರೆದು ಅವಮಾನ ಮಾಡ್ತೀರಾ? ಸೂರಪ್ಪಯ್ಯ, ಎಲೆಯಲ್ಲಿ ಏನಾದರೂ ಇದೆಯೇನಯ್ಯ?"

ಸೂರಪ್ಪಯ್ಯನ ಎಲೆಯಲ್ಲಿ ಕಾಣೆ ಮೀನು ಇನ್ನೂ ಚುರುಗುಟ್ಟುತ್ತಿತ್ತು. ಅವನು ಮೀನು ನೋಡಿದ, ಅರಸನ ಮುಖ ನೋಡಿದ, ಮತ್ತೆ ಮೀನು ನೋಡಿದ. ಗಂಟಲಲ್ಲಿ ಎಂಜಲು ಇಳಿಯುವ ಸದ್ದು ಎಲ್ಲರಿಗೂ ಕೇಳಿತಂತೆ.

"ಏನೂ... ಏನೂ ಇಲ್ಲ ಬುದ್ಧಿ. ಬರೀ ಎಲೆ."

"ಹಾಗಾದರೆ ಏಳು. ನಾವು ಇಲ್ಲಿ ಉಣ್ಣೋದಿಲ್ಲ."

ಸೂರಪ್ಪಯ್ಯ ಎದ್ದ. ಬೇಕಾದಾಗ ನಡು ಬಗ್ಗಿಸಿ ಬಗ್ಗಿಸಿ ಬೆನ್ನೆಲುಬೇ ಇಲ್ಲದಂತಾದವನು, ಆ ದಿನ ಮೊದಲ ಸಲ ಏಳಲು ಕಷ್ಟಪಟ್ಟ. ಅವನ ಎಲೆಯ ಮೀನನ್ನು ಅಂಬಿಗರು ಹಂಚಿಕೊಂಡು ತಿಂದರು.

ಮುತ್ತಕ್ಕ ಊಟ ಬಿಟ್ಟು ಅಜ್ಜಿಯ ಹತ್ತಿರ ಓಡಿದಳು. "ಅಜ್ಜೀ, ಅವರ ಪರವಾಗಿ ನಾನು ತಪ್ಪಾಯ್ತು ಅಂತೀನಿ. ಬಿಟ್ಟುಬಿಡು."

"ನಾನೇನು ಹಿಡಿದುಕೊಂಡಿಲ್ಲ ಮಗಳೇ" ಅಂದಳು ಅಜ್ಜಿ. "ಬೇಡ ಅಂದವನಿಗೆ ಬೇಡ ಅಂದೆ, ಅಷ್ಟೇ. ಯಾವುದಾದರೂ ಒಂದನ್ನು ನೋಡಿ, ಮನಸಾರೆ, ಚೆನ್ನಾಗಿದೆ ಅನ್ನಲಿ. ಹುಲ್ಲುಕಡ್ಡಿಯಾದರೂ ಆದೀತು. ಆ ಕ್ಷಣಕ್ಕೆ ಎಲ್ಲ ವಾಪಸ್ಸು ಬರುತ್ತೆ."

ಒಂದು ಮಾತು! ಮುತ್ತಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ವಾಪಸ್ಸು ಓಡಿದಳು. ಗಂಡನನ್ನು ಬಂಡೆಯ ಮೇಲೆ ಕೂರಿಸಿದಳು. ಅಂಗೈಯಲ್ಲಿ ಒಂದು ಸುರಹೊನ್ನೆ ಹೂವು ಹಿಡಿದಳು. "ಇದು ಚೆನ್ನಾಗಿಲ್ವಾ?" "ಇಷ್ಟೇನಾ?" ಹೂವು ಹೋಯಿತು. ಮುತ್ತಿನಂಥ ಕವಡೆ ತಂದಳು. "ಇದು?" "ಇಷ್ಟೇನಾ?" ಕವಡೆ ಹೋಯಿತು. ಮರಳ ಮೇಲೆ ಕೆಂಪು ಏಡಿಗಳು ಸಾಲುಗಟ್ಟಿ ಹೋಗುತ್ತಿದ್ದವು. "ಅದು?" "ಇಷ್ಟೇನಾ?" ಏಡಿಗಳೆಲ್ಲ ಹೋದವು. ಒಂದು ಏಡಿ ಮಾತ್ರ ಸೂರಪ್ಪಯ್ಯನ ಕಿರುಬೆರಳು ಕಚ್ಚಿ ಹಿಡಿದುಕೊಂಡಿತು. ಅವನು ಏಡಿಯೇ ಇಲ್ಲವೆಂಬಂತೆ, ಹಲ್ಲು ಕಚ್ಚಿಕೊಂಡು ನಗುತ್ತಾ ನಿಂತ. ಕಣ್ಣಲ್ಲಿ ನೀರು ದಳದಳ.

"ಯಾವುದೋ ಒಂದು ಹೇಳಿ ಸ್ವಾಮಿ, ನಿಮಗೆ ಚೆನ್ನಾಗಿದೆ ಅನ್ನಿಸಿದ್ದು. ಲೋಕದಲ್ಲಿ ಯಾವುದಾದರೂ ಒಂದು!" ಅಂದಳು ಮುತ್ತಕ್ಕ.

ಅರಸ ಯೋಚಿಸಿದ. ಹಣೆ ಗಂಟು ಹಾಕಿಕೊಂಡು ಯೋಚಿಸಿದ. ಮುತ್ತಕ್ಕ ಅವನ ತುಟಿ ನೋಡುತ್ತಾ ಕೂತಳು.

"ನಾನು" ಅಂದ ಅರಸ. "ನಾನು ಚೆನ್ನಾಗಿದ್ದೀನಿ."

"ಭಾರಿ ಚೆನ್ನಾಗಿದ್ದೀರಿ ಬುದ್ಧಿ" ಅಂದ ಸೂರಪ್ಪಯ್ಯ.

ಏನೂ ವಾಪಸ್ಸು ಬರಲಿಲ್ಲ. ಅಜ್ಜಿಗೆ ಅದು ಲೆಕ್ಕಕ್ಕಿರಲಿಲ್ಲ ಅಂತ ಕಾಣುತ್ತೆ. ಅಥವಾ ಆ ಮಾತು ಅವನ ಮನಸ್ಸಿನಿಂದಲೂ ಬಂದಿರಲಿಲ್ಲವೋ ಏನೋ, ಯಾರಿಗೆ ಗೊತ್ತು.

ಅರಸನಿಗೆ ಹಸಿವು ತಡೆಯಲಾಗಲಿಲ್ಲ. ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಕಡಲ ಕಡೆ ಮುಖ ಮಾಡಿದ. "ಸಾಕು ಸಾಕು. ಇದನ್ನು ನೋಡೋಕೆ ಅಷ್ಟು ದೂರದಿಂದ ಬಂದೆನಾ? ನಾಲ್ಕು ಕೆರೆ ಒಟ್ಟಿಗೆ ಸೇರಿಸಿದರೆ ನಿಮ್ಮ ಕಡಲು. ಇಷ್ಟೇನಾ?"

"ಬೇಡ!" ಅಂತ ಮುತ್ತಕ್ಕ ಕೂಗುವಷ್ಟರಲ್ಲಿ ಮಾತು ಬಾಯಿಂದ ಹೊರಗೆ ಬಂದಾಗಿತ್ತು.

ಅರಸನ ಕಣ್ಣಿಗೆ ಕಡಲು ಮಾಯ. ದಡದಿಂದ ಕೋಡಿಬಂದರಿನವರೆಗೆ ಬರೀ ಮರಳು, ಮಟ್ಟಸವಾಗಿ ಹಾಸಿದ ಹಾಗೆ. ಅರಸ ಕಿರುಚಿದ. "ಅಯ್ಯೋ ಮೋಸಗಾರರಾ! ನಡೆದೇ ಬರಬಹುದಾದ ದಾರಿಗೆ ದೋಣಿ ಹತ್ತಿಸಿದಿರಾ? ಸೂರಪ್ಪಯ್ಯ, ನಡಿ. ನಾವು ನಡೆದುಕೊಂಡೇ ಹೋಗೋಣ."

ಸೂರಪ್ಪಯ್ಯನ ಎದುರಿಗೆ ತೆರೆ ಆಳೆತ್ತರ ಏಳುತ್ತಿತ್ತು. "ಬು... ಬುದ್ಧಿ, ತಾವು ಮುಂದೆ ನಡೀರಿ. ನಾನು ತಮ್ಮ ಹೆಜ್ಜೆ ಗುರುತು ಹಿಡಿದು ಹಿಂದೆ ಬರ್ತೀನಿ" ಅಂದ.

ಅರಸ ಹೊರಟ. ಮಂಡಿಯವರೆಗೆ ನೀರು ಬಂತು. ಪಂಚೆ ಮೈಗೆ ಅಂಟಿತು. "ಏನು ಸೆಕೆ! ಬೆವರು ನೋಡು" ಅಂದ. ಸೊಂಟದವರೆಗೆ ಬಂತು. "ಅಬ್ಬ, ಎಂಥ ಬೆವರು!" ದಡದಲ್ಲಿ ನಿಂತ ಸೂರಪ್ಪಯ್ಯ, "ಭಾರಿ ಬೆವರು ಬುದ್ಧಿ!" ಅಂತ ಕೂಗಿದ. ಅಷ್ಟರಲ್ಲಿ ದೊಡ್ಡ ತೆರೆಯೊಂದು ಬಂದು ಅರಸನನ್ನು ಎತ್ತಿ, ಬುಡಮೇಲು ಮಾಡಿ, ಒಳಗೆ ಎಳೆದುಕೊಂಡಿತು. ರುಮಾಲು ಒಂದು ಕಡೆ, ಅರಸ ಒಂದು ಕಡೆ.

ಮುತ್ತಕ್ಕ ಸೀರೆ ಕಚ್ಚೆ ಕಟ್ಟಿ ನೀರಿಗೆ ಹಾರಿದಳು. ಕಡಲೂರಿನ ಹೆಣ್ಣು, ನಡೆಯುವ ಮೊದಲೇ ಈಜಿದವಳು. ಹಿಂದೆಯೇ ಜಟ್ಟಪ್ಪ. ಇಬ್ಬರೂ ಸೇರಿ ಅರಸನ ಜುಟ್ಟು ಹಿಡಿದು ದಡಕ್ಕೆ ಎಳೆದು ತಂದು ಹಾಕಿದರು. ಮುತ್ತಕ್ಕ ಅವನನ್ನು ಬೋರಲು ಮಲಗಿಸಿ, ಬೆನ್ನು ಒತ್ತಿ, ಕುಡಿದ ನೀರೆಲ್ಲ ಕಕ್ಕಿಸಿದಳು. ತಲೆ ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಮುಖ ಒರೆಸಿದಳು.

ಅರಸ ಕಣ್ಣು ಬಿಟ್ಟ. ಅವನ ಮುಖದ ಮೇಲೆ ಬಾಗಿದ್ದ ಅವಳ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಮುತ್ತಕ್ಕ ಅಂದುಕೊಂಡಳು: ಈಗ. ಈಗ ಹೇಳುತ್ತಾರೆ. ಸಾವಿನ ಬಾಯಿಂದ ಬಂದವರು, ಈಗ ಒಂದು ಒಳ್ಳೆಯ ಮಾತು ಬಂದೇ ಬರುತ್ತೆ.

ಅರಸ ಅವಳನ್ನು ನೋಡಿದ. ಒದ್ದೆ ಮುಡಿ, ಮರಳು ಮೆತ್ತಿದ ಕೆನ್ನೆ, ಹರಿದ ಸೆರಗು.

"ಎಲ್ಲ ನಿನ್ನಿಂದಲೇ ಆದದ್ದು" ಅಂದ. "ನೀನು ಘಟ್ಟ ಹತ್ತಿ ಬಂದ ದಿನವೇ ಅನ್ನಿಸಿತ್ತು ನನಗೆ. ಕಡಲೂರಿನ ಚೆಲುವೆ ಅಂತ ಏನು ಹೊಗಳಿದ್ದರು! ಇಷ್ಟೇನಾ?"

ಆ ಮಾತಿಗೆ ಸೂರಪ್ಪಯ್ಯನೂ ಬಾಯಿ ತೆರೆಯಲಿಲ್ಲವಂತೆ.

ಅರಸನ ತಲೆ ಇನ್ನೂ ಅವಳ ತೊಡೆಯ ಮೇಲೇ ಇತ್ತು. ಅವನು ಅತ್ತ ಇತ್ತ ನೋಡಿದ. "ಎಲ್ಲಿ ಹೋದಳು? ಈಗ ಇಲ್ಲೇ ಇದ್ದಳಲ್ಲ?"

ಮುತ್ತಕ್ಕ ಅವನ ಮುಖದ ಮುಂದೆ ಕೈ ಆಡಿಸಿದಳು. ರೆಪ್ಪೆ ಅಲುಗಲಿಲ್ಲ. "ಸ್ವಾಮಿ" ಅಂದಳು. ಅವನಿಗೆ ಕೇಳಲಿಲ್ಲ. ಅವಳು ಮೆಲ್ಲಗೆ ಅವನ ತಲೆ ಕೆಳಗಿಳಿಸಿ ಎದ್ದು ನಿಂತಳು. ಅಳು ಬರುತ್ತೆ ಅಂತ ಕಾದಳು. ಬರಲಿಲ್ಲ. ಎಷ್ಟು ವರ್ಷದಿಂದ ಆ ಅರೆಗಣ್ಣು ತನ್ನನ್ನು ಅಳೆಯುತ್ತಾ ಇತ್ತು, ಏಳುವಾಗ, ಕೂರುವಾಗ, ಉಣ್ಣುವಾಗ! ಈಗ ಅದು ತನ್ನ ಮೇಲಿಲ್ಲ. ತುಂಬಿದ ಕೊಡ ತಲೆಯಿಂದ ಇಳಿಸಿದ ಹಾಗೆ ಕತ್ತು ಹಗುರಾಯಿತು. ಅಜ್ಜಿಯ ಕಡೆ ನೋಡಿದಳು. ಅಜ್ಜಿ ಚಿಪ್ಪು ಒಡೆಯುತ್ತಲೇ ಇದ್ದಳು.

ಜಟ್ಟಪ್ಪನ ಕೈ ಮುಷ್ಟಿಯಾಗಿತ್ತು. "ತಂಗೀ, ಹೂಂ ಅನ್ನು. ಇವನನ್ನು ಇಲ್ಲೇ ಬಿಟ್ಟು ಹೋಗೋಣ. ಇಲ್ಲದ ಏಡಿ, ಇಲ್ಲದ ಮೀನು ತಿಂದುಕೊಂಡಿರಲಿ."

"ಬೇಡ ಅಣ್ಣ. ಅಜ್ಜಿ ಏನು ಪಾಪ ಮಾಡಿದ್ದಾಳೆ? ದಡ ಮುಟ್ಟಿಸು. ಕುದುರೆ ಹತ್ತಿಸಿ ಕಳಿಸು."

"ಮತ್ತೆ ನೀನು?"

"ನಾನು ಇಲ್ಲಿ ಇಲ್ಲವೇ ಇಲ್ಲವಲ್ಲ ಅಣ್ಣ. ನೋಡು, ಅವರನ್ನೇ ಕೇಳು."

ಅಂಬಿಗರು ಅರಸನನ್ನು ಕರು ಎತ್ತುವ ಹಾಗೆ ಎತ್ತಿ ದೋಣಿಗೆ ಹಾಕಿದರು. ದಾರಿಯುದ್ದಕ್ಕೂ ಅವನದು ಒಂದೇ ಬೊಬ್ಬೆ. "ಒಣ ಮರಳ ಮೇಲೆ ದೋಣಿ ಎಳೀತೀರಲ್ಲ, ನಿಮಗೆ ಬುದ್ಧಿ ನೆಟ್ಟಗಿದೆಯಾ? ಎಷ್ಟು ಕುಲುಕಾಟ!" ಸೂರಪ್ಪಯ್ಯ ಮೈಯೆಲ್ಲ ನೀರು ಸಿಡಿಸಿಕೊಂಡು, ಹೊಟ್ಟೆ ತೊಳೆಸಿ ವಾಂತಿ ಮಾಡುತ್ತಾ, "ಬರೀ ಮರಳು ಬುದ್ಧಿ" ಅನ್ನುತ್ತಿದ್ದ. ಮುತ್ತಕ್ಕ ದೋಣಿಯ ಮುಂದಿನ ತುದಿಯಲ್ಲಿ ಕೂತು ಕಾಲು ನೀರಿಗೆ ಇಳಿಬಿಟ್ಟಿದ್ದಳು. ಇಳಿಬಿಸಿಲಿಗೆ ಕಡಲೆಲ್ಲ ಹೊನ್ನಿನ ಬಣ್ಣ.

ಬಂದರಿನಲ್ಲಿ ಅರಸ ಹೆಂಡತಿಯನ್ನು ಹುಡುಕಲೂ ಇಲ್ಲ. "ರಾಣಿ ಎಲ್ಲಿ?" ಅಂತ ಸೂರಪ್ಪಯ್ಯನನ್ನು ಒಂದೇ ಒಂದು ಸಲ ಕೇಳಿದನಂತೆ.

"ತಮ್ಮ ಎದು..." ಅಂತ ಶುರು ಮಾಡಿದವನು ಅರಸನ ಮುಖ ನೋಡಿ, "ತಮ್ಮ ಎದುರಿಗೆ ಯಾರೂ ಇಲ್ಲ ಬುದ್ಧಿ" ಅಂದ. ಮುತ್ತಕ್ಕ ಎದುರಿಗೇ ನಿಂತು ಕೂದಲು ಒಣಗಿಸಿಕೊಳ್ಳುತ್ತಿದ್ದಳು.

ಅರಸ ಘಟ್ಟ ಹತ್ತಿ ಹೋದ. ಮುತ್ತಕ್ಕ ತವರಿನಲ್ಲಿ ನಿಂತಳು. ಮೊದಮೊದಲು ಊರವರು ಗುಸುಗುಸು ಮಾಡಿದರು. ಗಂಡ ಕರೆಯಲು ಬರಲಿಲ್ಲವೇ, ಅಂತ ಕೇಳುವವರು ಕೇಳಿದರು. "ಬಂದರೆ ಬರಲಿ. ನಾನು ಕಾಣುತ್ತೀನೋ ಇಲ್ಲವೋ ನೋಡಿಕೊಳ್ಳಲಿ" ಅನ್ನುತ್ತಿದ್ದಳು. ಆಮೇಲೆ ಅವರೂ ಸುಮ್ಮನಾದರು. ಅಣ್ಣನ ದೋಣಿಗಳಲ್ಲಿ ಅರ್ಧ ಅವಳೇ ನೋಡಿಕೊಂಡಳಂತೆ. ಮನಸ್ಸು ಬಂದಾಗ ಅಜ್ಜಿಗುಡ್ಡಕ್ಕೆ ಹೋಗಿ, ನೀರುನಾಯಿ ಮರಿಗಳ ಜೊತೆ ಹೊತ್ತು ಕಳೆದು, ಸಂಜೆಗೆ ಮನೆಗೆ ಬರುತ್ತಿದ್ದಳು.

ಇತ್ತ ಉದ್ದಂಡರಾಯ ಕೋಟೆಗೆ ಹೋದವನೇ ದರ್ಬಾರು ಕರೆದ. "ಕಡಲು ಅನ್ನೋದೇ ಸುಳ್ಳು! ನಾನು ಕಣ್ಣಾರೆ ನೋಡಿ ಬಂದಿದ್ದೀನಿ. ಬರೀ ಮರಳು. ಪಕ್ಕದ ಅರಸ ಬೊಗಳೆ ಬಿಟ್ಟಿದ್ದಾನೆ" ಅಂದ.

"ಬರೀ ಮರಳು" ಅಂದಿತು ದರ್ಬಾರು, ಒಂದೇ ಬಾಯಲ್ಲಿ. ಅವರಲ್ಲಿ ಅರ್ಧ ಜನ ಕಡಲಲ್ಲಿ ಮಿಂದು ಬಂದವರೇ.

ಮರುವಾರ ಕೆಳಗಿಂದ ಉಪ್ಪು ಹೊತ್ತ ಎತ್ತುಗಳು ಕೋಟೆಬಾಗಿಲಿಗೆ ಬಂದವು. ಅರಸ ಹೊರಗೆ ಬಂದು ಕೇಳಿದ: "ಏನಿದು?"

"ಉಪ್ಪು ಬುದ್ಧಿ. ಕಡಲಿನ ಉಪ್ಪು."

"ಇಲ್ಲದ ಕಡಲಿಗೆ ಉಪ್ಪು ಎಲ್ಲಿಂದ ಬಂತೋ ಕಳ್ಳ? ನನಗೆ ಮಣ್ಣು ಮಾರ್ತೀಯಾ? ಓಡಿಸಿ ಇವನನ್ನ!"

ಅಂದಿನಿಂದ ಅರಮನೆಯ ಅಡುಗೆಗೆ ಉಪ್ಪಿಲ್ಲ. ಸಾರಿಗಿಲ್ಲ, ಪಲ್ಯಕ್ಕಿಲ್ಲ, ಮಜ್ಜಿಗೆಗಿಲ್ಲ. ಅರಸ ಒಂದೊಂದು ತುತ್ತಿಗೂ ಮುಖ ಕಿವುಚಿಕೊಂಡು ಉಣ್ಣುತ್ತಾನೆ, ಪಂಕ್ತಿಯಲ್ಲಿ ಕೂತವರೆಲ್ಲ ಆಹಾ ಅನ್ನುತ್ತಾರೆ. ಊರವರು ಮಾತ್ರ ರಾತ್ರೋರಾತ್ರಿ ಉಪ್ಪು ತರಿಸಿಕೊಂಡು, ಬಾಗಿಲು ಹಾಕಿಕೊಂಡು, ನಾಲಿಗೆ ಚಪ್ಪರಿಸಿಕೊಂಡು ಉಂಡರು. ಮಂತ್ರಿ ಸೂರಪ್ಪಯ್ಯ ರುಮಾಲಿನ ಮಡಿಕೆಯಲ್ಲಿ ಒಂದು ಚಿಟಿಕೆ ಉಪ್ಪು ಬಚ್ಚಿಟ್ಟುಕೊಂಡಿರುತ್ತಿದ್ದ. ಅರಸ ಆ ಕಡೆ ತಿರುಗಿದಾಗ ಬೆರಳು ಒಳಗೆ ತೂರಿಸಿ ನೆಕ್ಕಿಕೊಳ್ಳುತ್ತಿದ್ದನಂತೆ. ಅರಸ ಈ ಕಡೆ ತಿರುಗಿದರೆ, "ಸಪ್ಪೆಯೇ ಸೊಗಸು ಬುದ್ಧಿ" ಅನ್ನುತ್ತಿದ್ದನಂತೆ.

ಅವರು ಅಲ್ಲಿ ಸಪ್ಪೆ ಉಣ್ಣುತ್ತಾ ಇರಲಿ. ನಮ್ಮ ಒಲೆಯ ಮೇಲೆ ಸಾರು ಕುದೀತಾ ಇದೆ. ಕಥೆ ಇಲ್ಲಿಗೆ ಇಳಿಸಿದೆ, ಎಲೆ ಹಾಕಿ, ಉಪ್ಪಿನಕಾಯಿ ನೆಂಚಿಕೊಂಡು ಉಣ್ಣೋಣ ಬನ್ನಿ.